ಮಳೆಗಾಲಕ್ಕೆ ವಾರಕ್ಕೊಂದು ಆಲ್ಬಮ್: ಕೇಳೋಣ, ಅಂಕ ಕೊಡೋಣ

ಗಾಂಧಿಬಜಾರ್_ಕ್ಯಾಸೆಟ್:

ಈ ಮಳೆಗಾಲ ಮುಗಿಯೋವರೆಗೆ ವಾರಕ್ಕೊಂದು ಹೆಸರಾದ ಹಳೇ ಆಲ್ಬಮ್ ಕೇಳೋಣ ಅಂತಿದ್ದೇನೆ. ಜಾಸ್, ರಾಕ್, ಹಿಂದೂಸ್ತಾನಿ, ಸುಗಮ ಸಂಗೀತ, ಯಕ್ಷಗಾನ, ಆಫ್ರಿಕಾದ್ದು, ಯಾವುದಾದರೂ ಸರಿ. ಮೊದಲಿನಿಂದ ಕೊನೆವರೆಗೆ, ನಡುವೆ ಹಾಡು ಹಾರಿಸದೆ ಕೇಳಬೇಕು. ಆಮೇಲೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಡಬೇಕು.

ಅಂಕದ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ನಾವು ಹುಟ್ಟಿದಾಗಿನಿಂದ ಕೇಳಿದ ಸಂಗೀತದಲ್ಲಿ ಏನು ಹುಡುಕಬೇಕು ಅಂತ ಕಿವಿಗೆ ಗೊತ್ತಿರುತ್ತದೆ. ಭಾವಗೀತೆ ಹಾಕಿದರೆ ಸಾಹಿತ್ಯದ ಕಡೆ ಗಮನ ತಾನಾಗಿ ಹೋಗುತ್ತದೆ. ಅದೇ ಅಭ್ಯಾಸದಲ್ಲಿ ಜಾಸ್ ಕೇಳಿದರೆ ಮಾತೂ ಇಲ್ಲ, ಪಲ್ಲವಿಯೂ ಇಲ್ಲ. ಬೇಜಾರಾಗಿ ನಾಲ್ಕು ಅಂಕ ಕೊಟ್ಟು ಎದ್ದು ಹೋಗ್ತೇವೆ. ಹಾಗೆ ಕೊಟ್ಟ ಅಂಕಕ್ಕೆ ಬೆಲೆ ಇಲ್ಲ.

ಅದಕ್ಕೆ ಎರಡು ಕರಾರು. ಆಲ್ಬಮ್ ತಂದವರು 'ಕಿವಿ ಎಲ್ಲಿ ಇಡಬೇಕು' ಅಂತ ಒಂದೆರಡು ಜಾಗ ಹೇಳಬೇಕು. ಕೇಳಿದವರು ಎರಡು ಅಂಕ ಕೊಡಬೇಕು. ಮೊದಲ ಸಲಕ್ಕೆ ಒಂದು, ಒಂದು ವಾರ ಬಿಟ್ಟು ಮತ್ತೆ ಕೇಳಿದ ಮೇಲೆ ಇನ್ನೊಂದು.

ಶುರುವಿಗೆ ಒಂದು ಜಾಸ್ ಆಲ್ಬಮ್, ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆಗಿದ್ದು. ಎರಡೇ ದಿನದ ಕೆಲಸ. ಐದೇ ತುಣುಕು, ಮುಕ್ಕಾಲು ಗಂಟೆ. ಟ್ರಂಪೆಟ್ ಡೇವಿಸ್, ಸ್ಯಾಕ್ಸಫೋನ್ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋ ಬಿಲ್ ಇವಾನ್ಸ್ (ಒಂದು ತುಣುಕಿಗೆ ಮಾತ್ರ ವಿಂಟನ್ ಕೆಲಿ), ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್.

ಕಿವಿ ಇಡುವ ಜಾಗ: ಮೊದಲ ತುಣುಕು 'ಸೋ ವಾಟ್'. ಅದರಲ್ಲಿ ಬೇಸ್ ಒಂದು ಸಾಲು ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡ್ತಾರೆ. ಆಮೇಲೆ ಒಬ್ಬೊಬ್ಬರ ಸರದಿ. ಡೇವಿಸ್ ಎಷ್ಟು ಕಡಿಮೆ ಸ್ವರ ಬಳಸ್ತಾರೆ, ಎಷ್ಟು ಜಾಗ ಖಾಲಿ ಬಿಡ್ತಾರೆ ನೋಡಿ. ಅವರ ಹಿಂದೆಯೇ ಕೋಲ್ಟ್ರೇನ್ ಬಂದು ಅದೇ ಜಾಗವನ್ನು ಒತ್ತೊತ್ತಾಗಿ ತುಂಬ್ತಾರೆ. ಆ ಬದಲಾವಣೆ ಒಮ್ಮೆ ಕಿವಿಗೆ ಬಿದ್ದರೆ ಆಲ್ಬಮ್ ಪೂರ್ತಿ ತೆರೆದುಕೊಳ್ಳುತ್ತದೆ.

ನನ್ನದು 10. ಇದಕ್ಕಿಂತ ಕಡಿಮೆ ಕೊಡೋಕೆ ನನಗೆ ಆಗಲ್ಲ.

ಭದ್ರಾವತಿ675:

ಒಳ್ಳೇ ಕೆಲಸ ಶುರು ಮಾಡಿದ್ದೀರಿ ಮಾರಾಯ್ರೆ. ನಾನು ಕರ್ನಾಟಕ ಸಂಗೀತದಲ್ಲಿ ಬೆಳೆದವನು. ನಮ್ಮ ಮನೆಯಲ್ಲಿ ರೇಡಿಯೋ ಮುಳ್ಳು 675 ಬಿಟ್ಟು ಅಲ್ಲಾಡ್ತಿರಲಿಲ್ಲ. ಆಕಾಶವಾಣಿ ಭದ್ರಾವತಿ ಮುಗಿದರೆ ರೇಡಿಯೋನೂ ಬಂದ್.

'ಸೋ ವಾಟ್' ಸ್ವರಗಳನ್ನು ಹಾರ್ಮೋನಿಯಂ ಮೇಲೆ ಹಿಡಿದು ನೋಡಿದೆ. ನಮ್ಮ ಖರಹರಪ್ರಿಯ ರಾಗದ ಸ್ವರಗಳೇ! ಹಿಂದೂಸ್ತಾನಿಯವರ ಕಾಫಿ ಥಾಟ್, ಪಾಶ್ಚಾತ್ಯರ ಡೋರಿಯನ್. ಹದಿನಾರು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಅದರಲ್ಲೇ ಇರ್ತಾರೆ. ಮುಂದಿನ ಎಂಟಕ್ಕೆ ಇಡೀ ಶ್ರುತಿಯನ್ನೇ ಅರ್ಧ ಸ್ವರ ಮೇಲೆತ್ತಿ, ಮತ್ತೆ ಎಂಟಕ್ಕೆ ಕೆಳಗಿಳೀತಾರೆ. ನಮ್ಮ ಕಚೇರಿಯಲ್ಲಿ ನಡುವೆ ತಂಬೂರಿ ಶ್ರುತಿ ಬದಲಾಯಿಸಿದರೆ ಯಾರಾದರೂ ಒಪ್ತಾರಾ? ಇಲ್ಲಿ ಅದೇ ಸೊಗಸು. ಖರಹರಪ್ರಿಯ ಸಿಕ್ಕಿತು ಅಂತ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸೋದು, ಮಾತ್ರ ಹುಡುಕಬೇಡಿ. ಆ ದಾರಿಯಲ್ಲಿ ಹೋದರೆ ನಿರಾಸೆ ಆಗುತ್ತದೆ.

ಸ್ಯಾಕ್ಸಫೋನಿನಲ್ಲಿ ಗಮಕ ಬೇಕು ಅನ್ನುವವರಿಗೆ ನಮ್ಮ ಕದ್ರಿ ಗೋಪಾಲನಾಥ್ ಅವರ ರೆಕಾರ್ಡುಗಳಿವೆ. ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಸ್ವರವನ್ನು ಹೇಗೆ ಜಾರಿಸಿದ್ದಾರೆ ಅಂತ ಕೇಳಿದರೆ ಮೈ ಜುಮ್ ಅನ್ನುತ್ತದೆ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದವರು. ಅವರದ್ದೂ ಒಂದು ವಾರ ಇರಲಿ.

ಮೊದಲ ಅಂಕ 6, ಎರಡನೇದು 9.

ವಿನೋಬನಗರ_ಬೇಸ್:

ನಾನು ಬೇಸ್ ಗಿಟಾರ್ ನುಡಿಸೋನು, ಪಾಲ್ ಚೇಂಬರ್ಸ್ ಹೆಸರು ಬಂದ ಮೇಲೆ ಸುಮ್ನೆ ಇರೋಕಾಗಲ್ಲ. ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಬೇಸ್ ಬರೋದೇ ಇಲ್ಲ. ಈ ಆಲ್ಬಮ್ ಶುರುವಾಗೋದೇ ಬೇಸಿನಿಂದ, ಅದೇ ಕೇಳದಿದ್ದರೆ ಅಂಕ ಯಾವುದಕ್ಕೆ ಕೊಡ್ತೀರಿ? ಸಾಧಾರಣ ವೈರ್ ಇಯರ್‌ಫೋನ್ ಸಾಕು.

ಇನ್ನೊಂದು ವಿಷಯ. ಮಾರ್ಚ್ 2ರಂದು ಮುಖ್ಯ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡುತ್ತಿತ್ತು. ಹಾಗಾಗಿ ಎಲ್‌ಪಿಯ ಮೊದಲ ಬದಿಯ ಮೂರೂ ತುಣುಕು ಹಲವು ದಶಕ ತುಸು ವೇಗವಾಗಿ, ತುಸು ಏರು ಶ್ರುತಿಯಲ್ಲೇ ಜಗತ್ತಿಗೆ ಕೇಳಿಸಿದ್ದು. ತೊಂಬತ್ತರ ದಶಕದಲ್ಲಿ ಸರಿ ಮಾಡಿದರು. ಭದ್ರಾವತಿಯವರೇ, ನಿಮ್ಮ ಹಾರ್ಮೋನಿಯಂಗೆ ಸರಿಯಾಗಿ ಕೂತಿದೆ ಅಂದರೆ ನೀವು ಕೇಳಿದ್ದು ಸರಿ ಮಾಡಿದ ಪ್ರತಿ.

9 ಮತ್ತು 10.

ತುಂಗಾತೀರ_ಅಕ್ಕ:

ನಿಮ್ಮ ಉತ್ಸಾಹಕ್ಕೆ ಅಡ್ಡ ಬರ್ತಿಲ್ಲ ತಮ್ಮಂದಿರೇ. ಆದರೆ ಹತ್ತಕ್ಕೆ ಇಷ್ಟು ಅನ್ನೋದು ನನಗೆ ಒಗ್ಗೋದಿಲ್ಲ. ಯಾಕೆ ಅಂತ ಹೇಳ್ತೇನೆ.

ಶಿವಮೊಗ್ಗದ ಪಕ್ಕದಲ್ಲೇ ಹೊಸಹಳ್ಳಿ ಇದೆ. ಗಮಕಕ್ಕೆ, ಅಂದರೆ ರಾಗದಲ್ಲಿ ಕಾವ್ಯ ಓದುವ ಕಲೆಗೆ, ಹೆಸರಾದ ಊರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಕುಮಾರವ್ಯಾಸನ ಪದ್ಯವನ್ನು ಒಬ್ಬರು ರಾಗದಲ್ಲಿ ಓದ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳ್ತಾರೆ. ವಾಚನ ಮಾಡುವವರು ಸಾಹಿತ್ಯಕ್ಕೆ ಬೇಕಾದಷ್ಟೇ ರಾಗ ಬಳಸ್ತಾರೆ. ಪದ ಎಲ್ಲಿ ಒಡೆದರೆ ಅರ್ಥ ಕೆಡುತ್ತದೋ ಅಲ್ಲಿ ಒಡೆಯೋದಿಲ್ಲ. ರಾಗ ಜಾಸ್ತಿ ಆದರೆ ಅದು ತಪ್ಪು. ಈಗ ಹೇಳಿ, ಸ್ವರಪ್ರಸ್ತಾರದ ರುಚಿ ಹತ್ತಿದವರು ಇದನ್ನು ಕೇಳಿ 'ಸಂಗೀತ ಸಪ್ಪೆ, 5' ಅಂದುಬಿಟ್ಟರೆ? ಆ ಸಪ್ಪೆಯೇ ಅಲ್ಲಿಯ ವಿದ್ಯೆ.

ಇನ್ನೊಂದು ಮಾತು. ರೆಕಾರ್ಡಿನಲ್ಲಿ ಸಿಗೋದು ಒಂದು ಗಂಟೆಯ ತುಂಡು. ವಾಚನ ದಿನಗಟ್ಟಲೆ ನಡೆಯುವಂಥದ್ದು. ಕರ್ಣಪರ್ವಕ್ಕೆ ಬರುವಷ್ಟರಲ್ಲಿ ಕೇಳುವವರೂ ಬದಲಾಗಿರ್ತಾರೆ. ಅದಕ್ಕೆಲ್ಲ ಅಂಕ ಎಲ್ಲಿಂದ ತರೋದು?

ಗಾಂಧಿಬಜಾರ್_ಕ್ಯಾಸೆಟ್:

ಅಕ್ಕಾ, ನೀವು ಹೇಳಿದ್ದು 'ಕಿವಿ ಎಲ್ಲಿ ಇಡಬೇಕು' ಅನ್ನೋದಕ್ಕೆ ನನಗಿಂತ ಚೆನ್ನಾದ ಉದಾಹರಣೆ. ಪದ ಎಲ್ಲಿ ಒಡೀತಾರೆ, ಎಲ್ಲಿ ಒಡೆಯಲ್ಲ ಅಂತ ಗಮನಿಸಿ ಅಂತ ನೀವು ಹೇಳಿದ ಮೇಲೆ ಯಾರೂ ಸಪ್ಪೆ ಅನ್ನೋದಿಲ್ಲ. ಅಂಕ ಬೇಡ ಅನ್ನಿಸಿದರೆ ಬೇಡ, ನೀವು ಬರೆದದ್ದನ್ನೇ ಅಂಕ ಅಂತ ತಗೋತೇವೆ.

ಆದರೆ ಅಂಕವನ್ನೇ ಪೂರ್ತಿ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. 'ಚೆನ್ನಾಗಿದೆ' ಅಂತ ಎಲ್ಲರೂ ಎಲ್ಲದಕ್ಕೂ ಹೇಳ್ತಾರೆ. 7 ಅಂತ ಬರೀಬೇಕಾದರೆ ಉಳಿದ 3 ಎಲ್ಲಿ ಹೋಯ್ತು ಅಂತ ಯೋಚನೆ ಮಾಡಲೇಬೇಕು. ಆ ಯೋಚನೆಗಾಗಿ ಅಂಕ ಬೇಕು.

ಸಾಗರ_ಕೊನೆಕೊಯ್ಲು:

ಎರಡನೇ ವಾರಕ್ಕೆ ನನ್ನದು. ರಾಕ್ ತಂಡ ಪಿಂಕ್ ಫ್ಲಾಯ್ಡ್, 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973.

ನಮ್ಮಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತಿರ್ತಿದ್ದರು. ಟೇಪ್ ರೆಕಾರ್ಡರ್ ನಡುವಿಗೆ. ಕೈ ಖಾಲಿ ಇರಲ್ಲ, ಹಾಡು ಬದಲಾಯಿಸೋಕೆ ಯಾರೂ ಏಳಲ್ಲ. ಹಾಕಿದ ಕ್ಯಾಸೆಟ್ ಒಂದು ಬದಿ ಮುಗಿಯಲೇಬೇಕು. ಆಲ್ಬಮ್ ಪೂರ್ತಿ ಕೇಳುವ ಅಭ್ಯಾಸ ನನಗೆ ಬಂದಿದ್ದು ಅಲ್ಲಿಂದ. ಯಕ್ಷಗಾನ, ದಾಸವಾಣಿ, ರಾಜ್‌ಕುಮಾರ್ ಭಕ್ತಿಗೀತೆ, ನಡುವೆ ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗ್ತಿದ್ದ ಅಣ್ಣ ತಂದ ಈ ಕ್ಯಾಸೆಟ್. ಸುಲಿಯೋಕೆ ಬಂದವರು ಗಡಿಯಾರಗಳ ಸದ್ದಿಗೆ ಬೆಚ್ಚಿ ತಲೆ ಎತ್ತಿದ್ದರು. ಈಗ ಸುಲಿಯುವ ಮಷಿನ್ ಬಂದಿದೆ, ಅದರ ಗಲಾಟೆಯಲ್ಲಿ ಪಕ್ಕದವರ ಮಾತೇ ಕೇಳಲ್ಲ.

ಕಿವಿ ಇಡುವ ಜಾಗ ಮೂರು.

ಒಂದು, ಆ ಗಡಿಯಾರಗಳೇ. ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೊಂದನ್ನೇ ಬೇರೆ ಬೇರೆ ರೆಕಾರ್ಡ್ ಮಾಡಿ ತಂದಿದ್ದರು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಾರಿಸಿದ್ದಾರೆ.

ಎರಡು, 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದು ಪದವೂ ಇಲ್ಲದೆ, ಅಲ್ಲೇ ಹುಟ್ಟಿದ ಹಾಗೆ ಹಾಡಿದ್ದು. ಆ ದಿನ ಆಕೆಗೆ ಸಿಕ್ಕಿದ್ದು 30 ಪೌಂಡ್. ಮೂವತ್ತು ವರ್ಷ ಕಳೆದು ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾಗಿ, ರಚನೆಯಲ್ಲಿ ಆಕೆಯ ಹೆಸರೂ ಸೇರಿತು. ನನ್ನ ಪ್ರಕಾರ ಇಡೀ ಆಲ್ಬಮ್‌ನಲ್ಲಿ ಅದೇ ಎತ್ತರದ ಜಾಗ.

ಮೂರು, 'ಮನಿ'. ಕಾಲಿನಲ್ಲಿ ತಾಳ ಹಾಕಿ ನೋಡಿ, ನಾಲ್ಕಕ್ಕೆ ಕೂರಲ್ಲ. ಏಳರ ಎಣಿಕೆ. ಗಿಟಾರ್ ಸರದಿ ಬಂದಾಗ ನಾಲ್ಕಕ್ಕೆ ಬದಲಾಗುತ್ತದೆ, ಆಮೇಲೆ ಮತ್ತೆ ಏಳು.

ಒಂದು ಎಚ್ಚರಿಕೆ: ಹಾಡುಗಳು ಒಂದರೊಳಗೊಂದು ಸೇರಿಕೊಂಡಿವೆ. ಆಪ್‌ನಲ್ಲಿ ಕೇಳುವವರು 'ಷಫಲ್' ತೆಗೆದಿಡಿ. ನಡುವೆ ಜಾಹೀರಾತು ಬಂದರೆ ಕಥೆ ಮುಗೀತು.

9 ಮತ್ತು 9.

ತುಂಗಾತೀರ_ಅಕ್ಕ:

ಸಾಗರದವರೇ, 'ಮನಿ' ಕೇಳಿದೆ. ಏಳರ ಎಣಿಕೆ ಹಿಡಿದ ಕೂಡಲೇ ಭಾಮಿನಿ ಷಟ್ಪದಿ ನೆನಪಾಯಿತು. ಕುಮಾರವ್ಯಾಸನ ಭಾರತ ಪೂರ್ತಿ ಅದರಲ್ಲೇ ಇರೋದು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಗಮಕದಲ್ಲಿ ತಾಳ ಹಾಕೋದಿಲ್ಲ, ಆದರೆ ಆ ಏಳು ಛಂದಸ್ಸಿನ ಒಳಗೇ ಕೂತಿದೆ. ಎರಡೂ ಒಂದೇ ಅಂತ ಹೇಳ್ತಿಲ್ಲ. ಏಳಕ್ಕೆ ಒಂದು ಕುಂಟು ಇರುತ್ತದೆ, ಆ ಕುಂಟಿನಿಂದಲೇ ಮುಂದಕ್ಕೆ ತಳ್ಳುತ್ತದೆ. ಅಲ್ಲೂ ಹಾಗೇ, ಇಲ್ಲೂ ಹಾಗೇ. ನನಗೆ ಇದು ತುಂಬ ಖುಷಿ ಕೊಟ್ಟಿತು.

ಆ ಹುಡುಗಿ ಹಾಡಿದ್ದನ್ನು ಮೂರು ಸಲ ಹಾಕಿಕೊಂಡೆ. ಅಂಕ ಕೇಳಬೇಡಿ.

ವಿನೋಬನಗರ_ಬೇಸ್:

ಅಕ್ಕಾ, ಇದೇ ಬೇಕಾಗಿತ್ತು.

ಕೊಪ್ಪ_ಚಂಡೆ:

ಮೂರನೇ ವಾರ ನನಗೆ ಬಿಡಿ. ಯಕ್ಷಗಾನದ್ದು, ಕಾಳಿಂಗ ನಾವಡರ ಭಾಗವತಿಕೆಯ (ಹಾಡುಗಾರಿಕೆಯ) ಕ್ಯಾಸೆಟ್. ಯಾವ ಪ್ರಸಂಗ ಸಿಗುತ್ತದೋ ಅದು. ತೀರಾ ಚಿಕ್ಕ ವಯಸ್ಸಿನಲ್ಲಿ, 1990ರಲ್ಲಿ, ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಇವತ್ತಿಗೂ ಘಟ್ಟದ ಮೇಲೆ, ಕೆಳಗೆ, ಎರಡೂ ಕಡೆ ಅವರ ಪದ್ಯ ಹಾಕಿದರೆ ಜನ ನಿಂತು ಕೇಳ್ತಾರೆ.

ಇದಕ್ಕೆ ಅಂಕ ಕೊಡೋದು ನಿಜಕ್ಕೂ ಕಷ್ಟ. ಆಟ ಅಂದರೆ ರಾತ್ರಿಯಿಂದ ಬೆಳಗಿನವರೆಗೆ. ಕ್ಯಾಸೆಟ್ ಅಂದರೆ ಅರವತ್ತು ನಿಮಿಷ, ಹೆಚ್ಚಂದರೆ ತೊಂಬತ್ತು. ಪದ್ಯ ಉಳಿಸಿ ಮಾತು ಕತ್ತರಿಸ್ತಾರೆ, ಇಲ್ಲ ಮಾತು ಉಳಿಸಿ ಕುಣಿತದ ಜಾಗ ಕತ್ತರಿಸ್ತಾರೆ. ಸಾಲದ್ದಕ್ಕೆ ಎಷ್ಟೋ ಕ್ಯಾಸೆಟ್ ಒಂದೇ ಮೈಕಿನಲ್ಲಿ ಹಿಡಿದವು. ಚಂಡೆ ಬಿದ್ದ ಕೂಡಲೇ ಭಾಗವತರ ದನಿ ಒಡೆಯುತ್ತದೆ. ಮದ್ದಳೆ ಕೇಳೋದೇ ಇಲ್ಲ. ಧ್ವನಿಮುದ್ರಣಕ್ಕೆ ಅಂಕ ಕೊಟ್ಟರೆ 3. ಹಾಡಿಗೆ ಕೊಟ್ಟರೆ 10. ಎರಡನ್ನೂ ಕೂಡಿಸಿ ಆರೂವರೆ ಅಂತ ಬರೆಯೋದು ನ್ಯಾಯ ಅಲ್ಲ. ನಾನು ಹಾಡಿಗೇ ಕೊಡೋದು.

ಕಿವಿ ಇಡುವ ಜಾಗ: ಪದ್ಯ ಎತ್ತುವ ಮೊದಲ ಸಾಲು. ತಾರಸ್ಥಾಯಿಗೆ ಹೋದಾಗಲೂ ಅಕ್ಷರ ಸ್ಪಷ್ಟ. ಚಂಡೆಯ ಜೊತೆ ಸೆಣಸದೆ ಅದರ ಮೇಲೆ ತೇಲಿದ ಹಾಗೆ ಹಾಡ್ತಾರೆ.

ಭದ್ರಾವತಿ675:

ಒಪ್ಪಿದೆ ಚಂಡೆಯವರೇ. ಧ್ವನಿ ಕೆಟ್ಟಿದೆ ಅಂತ ಅಂಕ ಕತ್ತರಿಸಿದರೆ ಹಳೇ 78 ಆರ್‌ಪಿಎಂ ತಟ್ಟೆಗಳು ಒಂದೂ ಪಾಸಾಗಲ್ಲ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಭೈರವಿ ತುಂಬ ಗುರುಗುರು ಸದ್ದಿದೆ. ಆ ಸದ್ದಿನ ಹಿಂದೆ ಮೂರು ಚಿಲ್ಲರೆ ನಿಮಿಷದಲ್ಲಿ ಅವರು ಕಟ್ಟಿದ್ದನ್ನು ಮೂರು ಗಂಟೆಯಲ್ಲೂ ಕಟ್ಟೋಕೆ ಕಷ್ಟ.

ಮಲೆನಾಡು_ಮೆಟಲ್:

ನಡುವೆ ಬಾಯಿ ಹಾಕ್ತಿದ್ದೇನೆ. ಬ್ಲ್ಯಾಕ್ ಸಬಾತ್, 'ಮಾಸ್ಟರ್ ಆಫ್ ರಿಯಾಲಿಟಿ', 1971. ಮೆಟಲ್ ಅಂದರೆ ಬರೀ ಗಲಾಟೆ ಅನ್ನೋರು ಇದನ್ನು ಕೇಳಲೇಬೇಕು.

ತಂಡದ ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಫ್ಯಾಕ್ಟರಿಯ ಮಷಿನ್‌ಗೆ ಬಲಗೈ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡರು. ಎಡಗೈಯವರು, ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಮತ್ತೆ ನುಡಿಸಿದರು. ಗಟ್ಟಿಯಾಗಿ ಬಿಗಿದ ತಂತಿ ಒತ್ತೋಕೆ ನೋವು. ಈ ಆಲ್ಬಮ್‌ನ ಹಲವು ಹಾಡಿಗೆ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರ ಕೆಳಗಿಳಿಸಿದರು. ತಂತಿ ಸಡಿಲವಾಯಿತು, ಸದ್ದು ದಪ್ಪವಾಯಿತು. ಆಮೇಲೆ ಬಂದ ಎಷ್ಟೋ ಮೆಟಲ್ ತಂಡಗಳು ಅದೇ ಕೆಳಗಿನ ಶ್ರುತಿ ಹಿಡಿದವು.

ಕಿವಿ ಇಡುವ ಜಾಗ: 'ಚಿಲ್ಡ್ರನ್ ಆಫ್ ದ ಗ್ರೇವ್'. ಗಿಟಾರ್ ಮತ್ತು ಬೇಸ್ ಒಟ್ಟಿಗೆ ಕೆಳಗೆ ಕೂತಾಗ ಎದೆಗೆ ತಾಗುತ್ತದೆ. 8, 9.

ಕೊಪ್ಪ_ಚಂಡೆ:

ಬೆರಳಿನ ಕಥೆ ಓದಿದ ಮೇಲೆ ಕೇಳಿದೆ. ಮೊದಲ ಅಂಕ 5, ಎರಡನೇದು 7. ಗಾಯಕನ ದನಿ ನನಗೆ ಇನ್ನೂ ಹಿಡಿಸಿಲ್ಲ. ಗಿಟಾರಿಗೆ ಮಾತ್ರ ಪೂರ್ತಿ ಅಂಕ.

ಹೊಸನಗರ_ಕೊಳಲು:

ಎಲ್ಲರೂ 9, 10 ಕೊಡೋದು ನೋಡಿ ನಾನು ಸ್ವಲ್ಪ ಬೇರೆ ಮಾತಾಡ್ತೇನೆ. 'ಕಾಲ್ ಆಫ್ ದ ವ್ಯಾಲಿ', 1967. ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್‌ಭೂಷಣ್ ಕಾಬ್ರಾ. ಕಾಶ್ಮೀರದ ಕುರುಬನ ಒಂದು ದಿನದ ಕಥೆ. ಬೆಳಗ್ಗೆ ಅಹೀರ್ ಭೈರವದಿಂದ ಹೊರಟು ಕೊನೆಗೆ ಪಹಾಡಿಗೆ ಬರ್ತಾರೆ. ಜಗತ್ತೆಲ್ಲ ಹೊಗಳಿದ ಆಲ್ಬಮ್. ನಾನು ಕೊಡೋದು 7.

ಕೊಳಲು ಕಲಿಯುವಾಗ ಇದನ್ನೇ ಗುರು ಮಾಡಿಕೊಂಡಿದ್ದೆ, ಹಾಗಾಗಿ ಗೌರವಕ್ಕೆ ಕಡಿಮೆ ಇಲ್ಲ. ಆದರೆ ಅಹೀರ್ ಭೈರವ ಬಿಟ್ಟರೆ ಉಳಿದ ರಾಗಗಳಿಗೆ ಕೂತು ಬೆಳೆಯೋಕೆ ಹೊತ್ತೇ ಕೊಟ್ಟಿಲ್ಲ. ಭೂಪ್ ಬಂತು ಅನ್ನುವಷ್ಟರಲ್ಲಿ ಹೋಯಿತು. ದೇಸ್ ಕೂಡ ಹಾಗೇ. ಚಿತ್ರ ಚೆಂದ, ರಾಗ ಅರ್ಧ. ಅಹೀರ್ ಭೈರವದಲ್ಲಿ ಸಂತೂರ್ ಒಂದೇ ಇದ್ದಾಗ ಬರುವ ಹಗುರ ತಾನುಗಳಿಗೆ ಕಿವಿ ಕೊಡಿ. ಅಲ್ಲಿ ಮಾತ್ರ ನನ್ನದು 10.

ಭದ್ರಾವತಿ675:

7 ಅಂದರೆ ಅನ್ಯಾಯ! ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ. ಅಂಥ ಎರಡು ಬದಿಯಲ್ಲಿ ಒಂದು ಇಡೀ ದಿನ ಹೇಳಬೇಕು. ಅವರು ಕಚೇರಿ ಮಾಡೋಕೆ ಹೊರಟವರಲ್ಲ, ಕಥೆ ಹೇಳೋಕೆ ಹೊರಟವರು. ಹೊರಟ ಕೆಲಸ ಮಾಡಿದ್ದಾರಾ ಅಂತ ನೋಡಿ.

ಹೊಸನಗರ_ಕೊಳಲು:

ಹೊರಟ ಕೆಲಸವನ್ನು ಪೂರ್ತಿ ಮಾಡಿದ್ದಾರೆ, ಅದನ್ನು ಒಪ್ತೇನೆ. ಆದರೆ ಹೊರಟ ಕೆಲಸ ಚಿಕ್ಕದಾದರೆ ಅದಕ್ಕೂ ಅಂಕ ಇಳಿಯಬೇಕಲ್ವಾ? ಇಲ್ಲದಿದ್ದರೆ ಸುಲಭದ್ದು ಮಾಡಿದವರಿಗೂ 10, ಕಷ್ಟದ್ದು ಮಾಡಿದವರಿಗೂ 10. ಮಲ್ಲಿಕಾರ್ಜುನ ಮನ್ಸೂರರು ಒಂದು ಜೋಡಿರಾಗ (ಎರಡು ರಾಗ ಬೆಸೆದದ್ದು) ತೆಗೆದುಕೊಂಡು ಎರಡನ್ನೂ ಬಿಡದೆ ನಡೆಸುವ ಕಷ್ಟ ನೋಡಿದವರಿಗೆ ಇದು ಗೊತ್ತು. ನನ್ನ 7 ಹಾಗೇ ಇರಲಿ.

ಗಾಂಧಿಬಜಾರ್_ಕ್ಯಾಸೆಟ್:

ಕೊಳಲಿನವರ ಮಾತು ನನಗೆ ಹಿಡಿಸಿತು. ನಾನು 9 ಕೊಟ್ಟಿದ್ದೇನೆ, ಇಳಿಸಲ್ಲ. ಆದರೆ ಇಬ್ಬರ ವಾದವನ್ನೂ ಇಟ್ಟುಕೊಂಡೇ ಕೇಳಿ ಅಂತ ಹೊಸಬರಿಗೆ ಹೇಳ್ತೇನೆ.

ದುರ್ಗಿಗುಡಿ_ಭಾವಗೀತೆ:

ಇಷ್ಟು ದೂರ ಬಂದರೂ 'ನಿತ್ಯೋತ್ಸವ'ದ ಹೆಸರು ಬರಲಿಲ್ಲ! ಕೆ.ಎಸ್. ನಿಸಾರ್ ಅಹಮದ್ ಅವರ ಕವನ, ಮೈಸೂರು ಅನಂತಸ್ವಾಮಿಯವರ ಸಂಗೀತ, 1978. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ನಿಸಾರ್ ಅವರು ಶಿವಮೊಗ್ಗದ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು. ಜೋಗ, ತುಂಗೆ, ಸಹ್ಯಾದ್ರಿ ಎಲ್ಲ ಆ ಹಾಡಿನಲ್ಲಿ ಬಂದು ಕೂತಿವೆ.

ಶಾಲೆಯ ನವೆಂಬರ್ ಕಾರ್ಯಕ್ರಮದಲ್ಲಿ ಕೇಳಿ ಕೇಳಿ ನಮಗೆ ಆ ಒಂದು ಹಾಡು ಮಾತ್ರ ಉಳಿದಿದೆ. ಕ್ಯಾಸೆಟ್ ಪೂರ್ತಿ ಕೇಳಿ. ಅನಂತಸ್ವಾಮಿಯವರು ಸಾಲಿನ ಕೊನೆಯ ಪದದ ಮೇಲೆ ಹೇಗೆ ನಿಲ್ತಾರೆ, ವಾದ್ಯ ಎಷ್ಟು ಕಡಿಮೆ ಇಟ್ಟಿದ್ದಾರೆ ಗಮನಿಸಿ. ಈಗಿನ ಭಾವಗೀತೆ ಆಲ್ಬಮ್‌ಗಳಲ್ಲಿ ಕೀಬೋರ್ಡ್ ಕವಿತೆಯನ್ನು ಮುಚ್ಚಿಬಿಡುತ್ತದೆ. ನಮ್ಮ ಹೊಸನಗರ ತಾಲೂಕಿನ ಶಿವಮೊಗ್ಗ ಸುಬ್ಬಣ್ಣ ಅವರನ್ನೂ ಮರೀಬೇಡಿ. 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಕಂಠ ಅದು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ.

10 ಮತ್ತು 10.

ಸಾಗರ_ಕೊನೆಕೊಯ್ಲು:

'ನಿತ್ಯೋತ್ಸವ' ಕ್ಯಾಸೆಟ್ ನಮ್ಮ ಅಟ್ಟದ ಮೇಲಿದೆ. ತೆಗೆದು ನೋಡಿದರೆ ಟೇಪಿನ ಅಂಚಿಗೆಲ್ಲ ಬಿಳಿ ಬೂಸ್ಟು ಹಿಡಿದಿದೆ. ಹಾಕಬಹುದಾ?

ವಿನೋಬನಗರ_ಬೇಸ್:

ಹಾಗೇ ಹಾಕಬೇಡಿ! ಬೂಸ್ಟು ಟೇಪಿನ ಸುತ್ತುಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಪ್ಲೇ ಒತ್ತಿದರೆ ಹರಿಯುತ್ತದೆ. ಮತ್ತೆ ಅದೇ ಬೂಸ್ಟು ಪ್ಲೇಯರಿನ ಹೆಡ್‌ಗೆ (ಟೇಪ್ ಓದುವ ಭಾಗಕ್ಕೆ) ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ನಾಲ್ಕೈದು ದಿನ ಒಣ ಜಾಗದಲ್ಲಿಡಿ. ಒಲೆ ಹತ್ತಿರ ಬೇಡ, ಬಿಸಿಗೆ ಟೇಪ್ ಸೊಟ್ಟ ಆಗುತ್ತದೆ. ಆಮೇಲೆ ಪೆನ್ಸಿಲ್ ಹಾಕಿ ಕೈಯಲ್ಲೇ ನಿಧಾನ ಈ ಕಡೆಯಿಂದ ಆ ಕಡೆಗೆ ಸುತ್ತಿ. ಸುತ್ತುವಾಗ ಒಣ ಮೆತ್ತನೆ ಬಟ್ಟೆಯನ್ನು ಟೇಪಿಗೆ ತಾಗಿಯೂ ತಾಗದ ಹಾಗೆ ಹಿಡೀರಿ, ಮೂಗಿಗೆ ಮಾಸ್ಕ್ ಇರಲಿ. ಕ್ಯಾಸೆಟ್‌ಗೆ ಸ್ಕ್ರೂ ಇದ್ದರೆ ಬಿಚ್ಚಿ ಟೇಪನ್ನು ಬೇರೆ ಖಾಲಿ ಕ್ಯಾಸೆಟ್ ಚಿಪ್ಪಿಗೆ ಹಾಕಬಹುದು. ಅಂಟಿಸಿದ್ದಾದರೆ ರಿಪೇರಿ ಗೊತ್ತಿರುವವರ ಹತ್ತಿರ ಕೊಡಿ. ಒಂದೇ ಸಲ ಹಾಕಿ, ಆ ಸಲವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ತುಂಗಾತೀರ_ಅಕ್ಕ:

ಹಾಗೆ ಇಳಿಸಿಕೊಳ್ಳುವವರು ಕವರಿನ ಮೇಲೆ ಬರೆದದ್ದನ್ನೂ ಫೋಟೋ ತೆಗೆದಿಡಿ. ತಬಲ ಯಾರು, ಕೊಳಲು ಯಾರು ಅಂತ ಎಷ್ಟೋ ಕ್ಯಾಸೆಟ್‌ಗಳಿಗೆ ಆ ಕಾಗದ ಬಿಟ್ಟರೆ ಬೇರೆ ಎಲ್ಲೂ ಸಿಗೋದಿಲ್ಲ.

ಗಾಂಧಿಬಜಾರ್_ಕ್ಯಾಸೆಟ್:

ಮುಂದಿನ ವಾರ ನೈಜೀರಿಯಾಕ್ಕೆ. ಫೆಲಾ ಕುಟಿ, 'ಝಾಂಬಿ'. ಹೆಸರಿನ ಹಾಡು ಹನ್ನೆರಡು ನಿಮಿಷ. ಹೇಳಿದ್ದನ್ನು ಯೋಚಿಸದೆ ಮಾಡುವ ಸೈನಿಕರನ್ನು ನೇರವಾಗಿ ಹಂಗಿಸಿದ ಹಾಡು. 1977ರಲ್ಲಿ ಸೈನಿಕರು ಅವರ ಮನೆಗೇ ನುಗ್ಗಿ ಬೆಂಕಿ ಇಟ್ಟರು. ಅವರ ತಾಯಿಯನ್ನು ಕಿಟಕಿಯಿಂದ ಎಸೆದರು, ಆ ಗಾಯದಿಂದಲೇ ಆ ತಾಯಿ ಮುಂದಿನ ವರ್ಷ ತೀರಿಕೊಂಡರು. ಇದು ಗೊತ್ತಿಟ್ಟುಕೊಂಡು ಕೇಳಿ.

ಕಿವಿ ಇಡುವ ಜಾಗ: ಹಾಡು ಬರೋಕೆ ತುಂಬ ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ. ಗಿಟಾರ್ ಒಂದೇ ಚಿಕ್ಕ ಸಾಲನ್ನು ಬಿಡದೆ ನುಡಿಸ್ತಾ ಇರುತ್ತದೆ. ಅದನ್ನು ಹಿಡಿದುಕೊಂಡೇ ಇರಿ, ಆಮೇಲೆ ಡ್ರಮ್ಸ್ ಟೋನಿ ಆಲನ್ ಕಡೆ ಹೋಗಿ. ಫೆಲಾ ಕವಾಯತಿನ ಆಜ್ಞೆಗಳನ್ನು ಒಂದೊಂದಾಗಿ ಕೂಗ್ತಾರೆ, ಹೆಂಗಸರ ಮೇಳ 'ಝಾಂಬಿ' ಅಂತ ಉತ್ತರ ಕೊಡುತ್ತದೆ.

ಕೊಪ್ಪ_ಚಂಡೆ:

ಈಗಷ್ಟೇ ಒಂದು ಸಲ ಕೇಳಿದೆ. ಮೊದಲ ಅಂಕವೇ 9. ಎರಡನೇದು ಬರುವ ವಾರ ಬರೀತೇನೆ. ಇಲ್ಲಿ ಸಂಜೆಯಿಂದ ಕರೆಂಟ್ ಇಲ್ಲ, ಇಯರ್‌ಫೋನಿನಲ್ಲಿ ಇನ್ನೊಂದು ಸಲ ಕೇಳುವಷ್ಟು ಚಾರ್ಜ್ ಇದೆ.